ಬ್ಯಾಂಕ್ ನಿವೃತ್ತರ ಆರೋಗ್ಯ ವಿಮೆ ಯಾಕಿಷ್ಟು ದುಬಾರಿ? ಪ್ರೀಮಿಯಂ ಹಿಂದಿನ ಲೆಕ್ಕ ಮತ್ತು ರಾಜಕೀಯ

ಪ್ರತಿ ಅಕ್ಟೋಬರ್‌ನಲ್ಲಿ ಅಪ್ಪನ ಫೋನಿಗೆ ಒಂದು ಪಿಡಿಎಫ್ ಬರುತ್ತೆ. ನಿವೃತ್ತ ಬ್ಯಾಂಕ್ ನೌಕರರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹಾಕಿರುತ್ತಾರೆ. ಆರೋಗ್ಯ ವಿಮೆ ನವೀಕರಣದ ಸುತ್ತೋಲೆ. ಅವತ್ತು ಸಂಜೆ ಅಪ್ಪ ವಾಕಿಂಗ್ ಹೋಗಲ್ಲ. ಕನ್ನಡಕ ಹಾಕ್ಕೊಂಡು, ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಪೆನ್ಸಿಲಿನಿಂದ ಲೆಕ್ಕ ಹಾಕ್ತಾ ಕೂರುತ್ತಾರೆ. ಒಂದು ಕಡೆ ಪಿಂಚಣಿ, ಇನ್ನೊಂದು ಕಡೆ ಪ್ರೀಮಿಯಂ.

ಅಪ್ಪ ಸಾರ್ವಜನಿಕ ವಲಯದ ಬ್ಯಾಂಕೊಂದರಲ್ಲಿ 34 ವರ್ಷ ಕ್ಲರ್ಕ್ ಆಗಿದ್ದವರು. ಶಾಖೆಯ ಯೂನಿಯನ್ ಕಾರ್ಯದರ್ಶಿಯೂ ಆಗಿದ್ದರು. 2012ರಲ್ಲಿ ನಿವೃತ್ತಿ. ಈಗ 73 ವರ್ಷ, ಶುಗರ್ ಮತ್ತು ಬಿಪಿ ಎರಡೂ ಇದೆ. ಕಳೆದ ಸಲ ಸುತ್ತೋಲೆ ಬಂದಾಗ ಅವರು ಹೇಳಿದ್ದು ಇಷ್ಟೇ: "ಮಾತ್ರೆ ದುಡ್ಡು ನಾನೇ ನೋಡ್ಕೋತೀನಿ ಬಿಡಮ್ಮ, ಆಸ್ಪತ್ರೆಗೆ ಸೇರೋದಕ್ಕೆ ಮಾತ್ರ ಇಟ್ಕೊಳೋಣ." ಅಂದರೆ ಪಾಲಿಸಿಯ ಅರ್ಧ ಉಪಯೋಗವನ್ನೇ ಬಿಟ್ಟುಕೊಡುವ ಮಾತು. ಅದೂ ಆ ಉಪಯೋಗ ಅತಿ ಹೆಚ್ಚು ಬೇಕಿರುವ ವಯಸ್ಸಿನಲ್ಲಿ.

ನಾನು ಇಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದವಳು. ಒಂದು ಸಂಖ್ಯೆ ಅಸಹಜವಾಗಿ ಏರ್ತಿದ್ರೆ ಅದರ ಹಿಂದಿನ ಯಂತ್ರ ಹೇಗೆ ಕೆಲಸ ಮಾಡುತ್ತೆ ಅಂತ ಬಿಚ್ಚಿ ನೋಡೋ ಚಟ ಹೋಗಿಲ್ಲ. ಈ ಯಂತ್ರವನ್ನೂ ಬಿಚ್ಚಿ ನೋಡೋಣ. ಇದು ಬರೀ ಮುದುಕರ ವಿಷಯ ಅಂತ ದಯವಿಟ್ಟು ಸ್ಕ್ರೋಲ್ ಮಾಡಿ ಹೋಗಬೇಡಿ. ಕೊನೆಗೆ ನಿಮ್ಮ ವಿಷಯಕ್ಕೇ ಬರ್ತೀನಿ.

ಮೊದಲು, ಇದು ಯಾವ ವಿಮೆ?

2015ರ ಮೇ 25ರಂದು ಭಾರತೀಯ ಬ್ಯಾಂಕುಗಳ ಸಂಘ, ಅಂದರೆ ಐಬಿಎ, ಮತ್ತು ಬ್ಯಾಂಕ್ ಯೂನಿಯನ್‌ಗಳ ನಡುವೆ ಹತ್ತನೇ ದ್ವಿಪಕ್ಷೀಯ ಒಪ್ಪಂದಕ್ಕೆ ಸಹಿ ಬಿತ್ತು. ಬ್ಯಾಂಕ್ ನೌಕರರ ಸಂಬಳ, ಭತ್ಯೆ, ರಜೆ ಎಲ್ಲವೂ ಐದು ವರ್ಷಕ್ಕೊಮ್ಮೆ ನಿರ್ಧಾರವಾಗುವುದು ಇಂಥ ಒಪ್ಪಂದಗಳಲ್ಲೇ. ಆ ಸಲದ ಒಪ್ಪಂದದಲ್ಲಿ ಒಂದು ಹೊಸ ವಿಷಯವಿತ್ತು: ಎಲ್ಲ ನೌಕರರಿಗೂ ಗುಂಪು ಆರೋಗ್ಯ ವಿಮೆ. ಕ್ಲರ್ಕ್ ಮತ್ತು ಅಧೀನ ಸಿಬ್ಬಂದಿಗೆ 3 ಲಕ್ಷ ರೂಪಾಯಿ, ಅಧಿಕಾರಿಗಳಿಗೆ 4 ಲಕ್ಷ ರೂಪಾಯಿ.

ಸೇವೆಯಲ್ಲಿರುವವರ ಪ್ರೀಮಿಯಂ ಬ್ಯಾಂಕೇ ಕಟ್ಟುತ್ತದೆ. ನಿವೃತ್ತರೂ ಇದೇ ಯೋಜನೆಗೆ ಸೇರಬಹುದು, ಆದರೆ ಪ್ರೀಮಿಯಂ ಅವರೇ ಕಟ್ಟಬೇಕು ಅಂತಾಯ್ತು. ಎಸ್‌ಬಿಐ ನಿವೃತ್ತರದ್ದು ಪ್ರತ್ಯೇಕ ವ್ಯವಸ್ಥೆ. ಉಳಿದ ಸಾರ್ವಜನಿಕ ಬ್ಯಾಂಕುಗಳ ಲಕ್ಷಾಂತರ ನಿವೃತ್ತರಿಗೆ ಇದೇ ಆಸರೆ.

ಆಗ ಅಪ್ಪನ ಗೆಳೆಯರೆಲ್ಲ ಖುಷಿಪಟ್ಟಿದ್ದು ನನಗೆ ನೆನಪಿದೆ. ಕಾರಣವೂ ಇತ್ತು. ಅರವತ್ತು ದಾಟಿದ, ಮೊದಲೇ ಕಾಯಿಲೆ ಇರುವವರಿಗೆ ಹೊರಗೆ ವಿಮೆ ಸಿಗುವುದೇ ಕಷ್ಟವಿದ್ದ ಕಾಲ ಅದು. ಇಲ್ಲಿ ವೈದ್ಯಕೀಯ ತಪಾಸಣೆ ಇಲ್ಲ, ಕಾಯುವ ಅವಧಿ ಇಲ್ಲ, ಇದ್ದ ಕಾಯಿಲೆಗೂ ಮೊದಲ ದಿನದಿಂದಲೇ ರಕ್ಷಣೆ. ಜೊತೆಗೆ "ಡೊಮಿಸಿಲಿಯರಿ" ಅನ್ನುವ ಸೌಲಭ್ಯ. ಅಂದರೆ ಆಸ್ಪತ್ರೆಗೆ ದಾಖಲಾಗದಿದ್ದರೂ, ಪಟ್ಟಿಯಲ್ಲಿರುವ ದೀರ್ಘಕಾಲದ ಕಾಯಿಲೆಗಳಿಗೆ ಮಾತ್ರೆ, ಪರೀಕ್ಷೆ, ಡಾಕ್ಟರ್ ಫೀಸಿನ ದುಡ್ಡು ವಾಪಸ್ ಬರುತ್ತದೆ. ಶುಗರ್, ಬಿಪಿ, ಕ್ಯಾನ್ಸರ್ ಎಲ್ಲ ಆ ಪಟ್ಟಿಯಲ್ಲಿವೆ.

ಮೊದಲ ವರ್ಷದ ಪ್ರೀಮಿಯಂ ಎಷ್ಟಿತ್ತು ಗೊತ್ತಾ? ಕ್ಲರ್ಕ್‌ಗಳಿಗೆ 4,930 ರೂಪಾಯಿ, ಶೇ. 14ರ ಸೇವಾ ತೆರಿಗೆ ಸೇರಿ 5,620. ಅಧಿಕಾರಿಗಳಿಗೆ ತೆರಿಗೆ ಸೇರಿ 7,493. ಇದು ಗಂಡ-ಹೆಂಡತಿ ಇಬ್ಬರಿಗೂ ಸೇರಿ, ಇಡೀ ವರ್ಷಕ್ಕೆ.

ಅದಾದ ಮೇಲೆ ಪ್ರೀಮಿಯಂ ಹಲವು ಪಟ್ಟು ಏರಿದೆ. ಎಷ್ಟೆಂದರೆ, ಡೊಮಿಸಿಲಿಯರಿ ಇರುವ ಪಾಲಿಸಿ ಮತ್ತು ಇಲ್ಲದ ಪಾಲಿಸಿ ಅಂತ ಎರಡು ಭಾಗ ಮಾಡಿ, "ನಿಮಗೆ ಯಾವುದು ಬೇಕೋ ಟಿಕ್ ಮಾಡಿ" ಅನ್ನುವ ಸ್ಥಿತಿ ಬಂತು. ಅಪ್ಪ ಪೆನ್ಸಿಲ್ ಹಿಡಿದು ಕೂತಿದ್ದು ಆ ಟಿಕ್‌ಗಾಗಿಯೇ.

ಏರಿದ್ದು ಯಾಕೆ? ಒಂದು ಕಾಲ್ಪನಿಕ ಲೆಕ್ಕ

"ಆಸ್ಪತ್ರೆ ಖರ್ಚು ಜಾಸ್ತಿಯಾಗಿದೆ, ವಯಸ್ಸಾದವರಿಗೆ ಕಾಯಿಲೆ ಜಾಸ್ತಿ, ಅದಕ್ಕೇ ಪ್ರೀಮಿಯಂ ಜಾಸ್ತಿ." ಸಾಮಾನ್ಯವಾಗಿ ಸಿಗೋ ಉತ್ತರ ಇದು. ಸುಳ್ಳೇನಲ್ಲ, ಆದರೆ ಪೂರ್ತಿ ನಿಜವೂ ಅಲ್ಲ. ಸೇವೆಯಲ್ಲಿರುವವರೂ ಹೋಗುವುದು ಅದೇ ಆಸ್ಪತ್ರೆಗಳಿಗೆ ತಾನೇ?

ಲೆಕ್ಕ ಸುಲಭವಾಗಲಿ ಅಂತ ನಾನೇ ಊಹಿಸಿಕೊಂಡ ಕೆಲವು ಸಂಖ್ಯೆಗಳನ್ನು ಇಟ್ಟುಕೊಳ್ಳೋಣ. ಇವು ಯಾವ ಬ್ಯಾಂಕಿನ ಅಂಕಿಅಂಶವೂ ಅಲ್ಲ.

100 ಮಂದಿ ನಿವೃತ್ತರಿದ್ದಾರೆ. ಅವರಲ್ಲಿ 60 ಮಂದಿ ತಕ್ಕಮಟ್ಟಿಗೆ ಗಟ್ಟಿಮುಟ್ಟು, ಒಬ್ಬೊಬ್ಬರ ಸರಾಸರಿ ಚಿಕಿತ್ಸಾ ವೆಚ್ಚ ವರ್ಷಕ್ಕೆ 10,000 ರೂಪಾಯಿ. ಉಳಿದ 40 ಮಂದಿಗೆ ಕಾಯಿಲೆಗಳಿವೆ, ಅವರ ವೆಚ್ಚ ತಲಾ 60,000. ಒಟ್ಟು 6 ಲಕ್ಷ ಮತ್ತು 24 ಲಕ್ಷ, ಅಂದರೆ 30 ಲಕ್ಷ. ನೂರು ಮಂದಿಗೆ ಹಂಚಿದರೆ ಪ್ರೀಮಿಯಂ ತಲಾ 30,000 ಬರುತ್ತೆ. ಕಂಪನಿಯ ಖರ್ಚು, ತೆರಿಗೆ ಬದಿಗಿಡೋಣ.

ಈಗ ಗಟ್ಟಿಮುಟ್ಟಾಗಿರೋ 60 ಮಂದಿಯಲ್ಲಿ 30 ಮಂದಿ "ನನ್ನ ಖರ್ಚು ಹತ್ತು ಸಾವಿರ, ಮೂವತ್ತು ಯಾಕೆ ಕಟ್ಟಲಿ" ಅಂತ ಬಿಟ್ಟು ಹೋಗ್ತಾರೆ. ಉಳಿದ 70 ಮಂದಿಯ ಒಟ್ಟು ವೆಚ್ಚ 27 ಲಕ್ಷ. ಪ್ರೀಮಿಯಂ ತಲಾ 38,571ಕ್ಕೆ ಏರುತ್ತೆ. ಅದನ್ನು ನೋಡಿ ಬಾಕಿ 30 ಗಟ್ಟಿಮುಟ್ಟಿನವರೂ ಹೊರಟರೆ ಉಳಿಯೋದು ಕಾಯಿಲೆಯವರು ಮಾತ್ರ. ಆಗ ಪ್ರೀಮಿಯಂ 60,000. ಯಾರ ಆರೋಗ್ಯವೂ ಕೆಡಲಿಲ್ಲ, ಯಾವ ಆಸ್ಪತ್ರೆಯೂ ಬಿಲ್ ಏರಿಸಲಿಲ್ಲ. ಆದರೂ ಪ್ರೀಮಿಯಂ ದುಪ್ಪಟ್ಟಾಯ್ತು.

ವಿಮೆಯ ಅರ್ಥಶಾಸ್ತ್ರ ಓದಿದವರಿಗೆ ಈ ಸುಳಿ ಚೆನ್ನಾಗಿ ಗೊತ್ತು. ದರ ಏರುತ್ತೆ, ಆರೋಗ್ಯವಂತರು ಹೊರಡ್ತಾರೆ, ಮತ್ತೆ ದರ ಏರುತ್ತೆ. ಹೊರಗೆ ಹೋಗಲು ಸ್ವಾತಂತ್ರ್ಯ ಇರುವ, ಎಲ್ಲರೂ ವಯಸ್ಸಾದವರೇ ಇರುವ ಗುಂಪಿನಲ್ಲಿ ಇದು ಆಗದಿದ್ದರೇ ಆಶ್ಚರ್ಯ.

ಇದೇ ಗುಂಪಿಗೆ ಸೇವೆಯಲ್ಲಿರುವ 300 ಮಂದಿಯನ್ನು ಸೇರಿಸಿ ನೋಡಿ. ಅವರ ವೆಚ್ಚ ತಲಾ 5,000 ಅಂತಿಟ್ಟುಕೊಳ್ಳಿ, ಒಟ್ಟು 15 ಲಕ್ಷ. ನಿವೃತ್ತರ 30 ಲಕ್ಷ ಸೇರಿದರೆ 45 ಲಕ್ಷ. 400 ಮಂದಿಗೆ ಹಂಚಿದರೆ ತಲಾ 11,250. ಅದೇ ನಿವೃತ್ತರು, ಅದೇ ಕಾಯಿಲೆಗಳು. 30,000 ಇದ್ದದ್ದು 11,250 ಆಯ್ತು.

ನನ್ನ ವಾದದ ತಿರುಳು ಇಷ್ಟೇ. ನಿವೃತ್ತರ ಪ್ರೀಮಿಯಂ ಏರಲು ಅವರ ವಯಸ್ಸೊಂದೇ ಕಾರಣವಲ್ಲ. ಅವರನ್ನು ಸೇವೆಯಲ್ಲಿರುವವರಿಂದ ಬೇರೆ ಮಾಡಿ ಪ್ರತ್ಯೇಕ ಪಾಲಿಸಿಯಲ್ಲಿ ಕೂರಿಸಿದ ನಿರ್ಧಾರವೂ ಕಾರಣ. ವಯಸ್ಸು ಪ್ರಕೃತಿಯ ಕೆಲಸ. ಗುಂಪು ಒಡೆದದ್ದು ಮನುಷ್ಯರ ಕೆಲಸ.

ಗುಂಪು ಪಾಲಿಸಿಯ ದರ ಪ್ರತಿ ವರ್ಷ ಹೊಸದಾಗಿ ನಿಗದಿಯಾಗುತ್ತದೆ. ಹಿಂದಿನ ವರ್ಷ ಕಟ್ಟಿದ ಪ್ರೀಮಿಯಂಗೂ ಪಾವತಿಸಿದ ಕ್ಲೈಮಿಗೂ ಇರುವ ಅನುಪಾತವನ್ನು ವಿಮಾ ಕಂಪನಿ ನೋಡುತ್ತದೆ. ಪ್ರೀಮಿಯಂಗಿಂತ ಕ್ಲೈಮ್ ಜಾಸ್ತಿಯಾದರೆ ಮುಂದಿನ ವರ್ಷ ದರ ಏರುತ್ತದೆ. ಕಂಪನಿಯನ್ನು ಬೈದು ಪ್ರಯೋಜನ ಕಡಿಮೆ. ಅದು ತನ್ನ ಮುಂದೆ ಇಟ್ಟ ಗುಂಪಿಗೆ ಬೆಲೆ ಕಟ್ಟುತ್ತದೆ. ಆ ಗುಂಪು ಹೇಗಿರಬೇಕು ಅಂತ ತೀರ್ಮಾನ ಆದದ್ದು ಒಪ್ಪಂದದ ಮೇಜಿನ ಮೇಲೆ.

ಆ ಮೇಜಿನ ಸುತ್ತ ಯಾರಿದ್ದರು?

ಒಂದು ಕಡೆ ಐಬಿಎ, ಇನ್ನೊಂದು ಕಡೆ ಸೇವೆಯಲ್ಲಿರುವವರ ಯೂನಿಯನ್‌ಗಳು. ನಿವೃತ್ತರಿಗೆ ತಮ್ಮದೇ ಒಕ್ಕೂಟಗಳಿವೆ. ಮನವಿ ಕೊಡ್ತಾರೆ, ಧರಣಿ ಕೂರ್ತಾರೆ, ದೆಹಲಿಗೆ ಹೋಗಿ ಬರ್ತಾರೆ. ಆದರೆ ಒಪ್ಪಂದಕ್ಕೆ ಸಹಿ ಹಾಕುವ ಹಕ್ಕು ಅವರಿಗಿಲ್ಲ.

2015ರ ಒಪ್ಪಂದದ ದಿನವೇ ನಿವೃತ್ತರ ಬೇಡಿಕೆಗಳ ಬಗ್ಗೆ ಒಂದು ಪ್ರತ್ಯೇಕ ಟಿಪ್ಪಣಿಯೂ ದಾಖಲಾಯಿತು. ಅದರಲ್ಲಿ ಐಬಿಎ ನಿಲುವು ಹೀಗಿತ್ತು: ಬ್ಯಾಂಕಿಗೂ ನಿವೃತ್ತರಿಗೂ ನಡುವೆ ಯಾವುದೇ ಒಪ್ಪಂದದ ಸಂಬಂಧ ಇಲ್ಲ, ಅವರ ಬೇಡಿಕೆಗಳನ್ನು ಕಲ್ಯಾಣ ಕ್ರಮವಾಗಿ ಮಾತ್ರ ಪರಿಶೀಲಿಸಬಹುದು.

ಈ ವಾಕ್ಯವನ್ನು ಇನ್ನೊಮ್ಮೆ ಓದಿ. ಹಕ್ಕು ಅಲ್ಲ, ಕಲ್ಯಾಣ. ಕೊಟ್ಟರೆ ಉಪಕಾರ, ಕೊಡದಿದ್ದರೆ ಕೇಳುವಂತಿಲ್ಲ. ಇವತ್ತು ಕೆಲವು ಬ್ಯಾಂಕುಗಳು ಸಿಬ್ಬಂದಿ ಕಲ್ಯಾಣ ನಿಧಿಯಿಂದ ನಿವೃತ್ತರ ಪ್ರೀಮಿಯಂನ ಒಂದಿಷ್ಟು ಭಾಗ ಭರಿಸುತ್ತವೆ. ಒಳ್ಳೆಯದೇ. ಆದರೆ ಈ ವರ್ಷ ಕೊಟ್ಟದ್ದು ಮುಂದಿನ ವರ್ಷವೂ ಸಿಗುತ್ತೆ ಅನ್ನುವ ಖಾತ್ರಿ ನಿವೃತ್ತರ ಕೈಯಲ್ಲಿಲ್ಲ.

ಬ್ಯಾಂಕುಗಳ ಕಡೆಯ ಮಾತನ್ನೂ ಹೇಳಬೇಕು. ನಿವೃತ್ತರ ವೈದ್ಯಕೀಯ ವೆಚ್ಚ ಭರಿಸ್ತೀವಿ ಅಂತ ಒಮ್ಮೆ ಲಿಖಿತವಾಗಿ ಒಪ್ಪಿದರೆ, ಮುಂದಿನ ದಶಕಗಳ ಅಂದಾಜು ಹೊಣೆಯನ್ನು ಲೆಕ್ಕಪತ್ರದಲ್ಲಿ ಈಗಲೇ ತೋರಿಸಬೇಕು ಅನ್ನುತ್ತವೆ ಲೆಕ್ಕಶಾಸ್ತ್ರದ ಮಾನದಂಡಗಳು. ಅದು ಸಣ್ಣ ಮೊತ್ತ ಆಗಿರಲ್ಲ. ನನ್ನ ಕಾಲ್ಪನಿಕ ಲೆಕ್ಕದಲ್ಲೂ ಸೇವೆಯಲ್ಲಿರುವವರ ಪಾಲು 5,000ದಿಂದ 11,250ಕ್ಕೆ ಏರಿತಲ್ಲ, ಆ ವ್ಯತ್ಯಾಸ ಬ್ಯಾಂಕಿನ ಮೇಲೆ ಬೀಳುತ್ತೆ. ಹಾಗಾಗಿ ಪ್ರಶ್ನೆ ಖರ್ಚು ಇದೆಯೋ ಇಲ್ಲವೋ ಅನ್ನೋದಲ್ಲ. ಆ ಖರ್ಚನ್ನು ಯಾರು, ಯಾವಾಗ, ಯಾರ ಜೊತೆ ಹಂಚಿಕೊಂಡು ಹೊರಬೇಕು ಅನ್ನೋದು.

ಏರದ ಪಿಂಚಣಿ, ಏರುವ ಪ್ರೀಮಿಯಂ

ಬ್ಯಾಂಕ್ ಪಿಂಚಣಿ ಬಗ್ಗೆ ಹೊರಗಿನವರಿಗೆ ಒಂದು ತಪ್ಪು ಕಲ್ಪನೆ ಇದೆ. ಸರ್ಕಾರಿ ನೌಕರರ ಪಿಂಚಣಿಯಂತೆ ಪ್ರತಿ ವೇತನ ಪರಿಷ್ಕರಣೆ ಆದಾಗ ಇದೂ ಪರಿಷ್ಕರಣೆ ಆಗುತ್ತೆ ಅಂದ್ಕೊಂಡಿರ್ತಾರೆ. ಆಗಲ್ಲ. 1995ರ ನಿಯಮಾವಳಿಯ ಪ್ರಕಾರ ಬರುವ ಈ ಪಿಂಚಣಿಯಲ್ಲಿ ತುಟ್ಟಿಭತ್ಯೆ ಏರುತ್ತೆ, ಆದರೆ ಮೂಲ ಪಿಂಚಣಿ ನಿವೃತ್ತಿಯ ದಿನ ಎಷ್ಟಿತ್ತೋ ಅಲ್ಲೇ ನಿಂತಿರುತ್ತೆ. ರಿಸರ್ವ್ ಬ್ಯಾಂಕ್ ನಿವೃತ್ತರಿಗೆ 2019ರಲ್ಲಿ ಪರಿಷ್ಕರಣೆ ಸಿಕ್ಕಿತು. ಉಳಿದ ಬ್ಯಾಂಕುಗಳವರು ಇನ್ನೂ ಕೇಳ್ತಾನೇ ಇದ್ದಾರೆ. 2024ರ ಮಾರ್ಚ್ 8ರ ಹನ್ನೆರಡನೇ ಒಪ್ಪಂದದಲ್ಲಿ ಸೇವೆಯಲ್ಲಿರುವವರಿಗೆ ಶೇ. 17ರ ವೇತನ ಏರಿಕೆ ಸಿಕ್ಕಿತು. ಹಳೆಯ ಪಿಂಚಣಿದಾರರಿಗೆ ಸಿಕ್ಕಿದ್ದು ತಿಂಗಳಿಗಿಷ್ಟು ಅಂತ ಒಂದು ಎಕ್ಸ್-ಗ್ರೇಶಿಯಾ. ಅದೂ ಮತ್ತೆ ಕಲ್ಯಾಣವೇ.

ಕುಟುಂಬ ಪಿಂಚಣಿಯ ಕಥೆ ಇನ್ನೂ ಕಹಿ. ಗಂಡ ತೀರಿಕೊಂಡ ಮೇಲೆ ಹೆಂಡತಿಗೆ ಬರುವ ಮೂಲ ಕುಟುಂಬ ಪಿಂಚಣಿಗೆ 2021ರ ಆಗಸ್ಟ್‌ವರೆಗೆ 9,284 ರೂಪಾಯಿಯ ಗರಿಷ್ಠ ಮಿತಿ ಇತ್ತು. ಆಮೇಲೆ ಆ ಮಿತಿ ತೆಗೆದು, ಕೊನೆಯ ವೇತನದ ಶೇ. 30 ಅಂತ ಮಾಡಿದರು. ಆದರೂ ಕೊನೆಯ ವೇತನ ಎಂದರೆ ಎಂದೋ ನಿವೃತ್ತರಾದಾಗಿನ ವೇತನ. ಅಪ್ಪನ ಗುಂಪಿನಲ್ಲಿ ಮೊದಲು ಪಾಲಿಸಿ ಬಿಟ್ಟವರು ಇಂಥ ಹೆಣ್ಣುಮಕ್ಕಳೇ. ಅವರಲ್ಲಿ ಒಬ್ಬರು ಅಮ್ಮನಿಗೆ ಹೇಳಿದ್ದರಂತೆ: "ಮಗನ್ನ ಕೇಳೋಕೆ ನಾಚಿಕೆ ಆಗುತ್ತೆ ಅಕ್ಕ. ಏನಾದ್ರೂ ಆದ್ರೆ ನೋಡೋಣ."

ತೆರಿಗೆಯ ಲೆಕ್ಕ

2017ರ ಜುಲೈ 1ರಿಂದ ಆರೋಗ್ಯ ವಿಮೆಯ ಮೇಲೆ ಶೇ. 18ರ ಜಿಎಸ್‌ಟಿ. ಒಂದು ಉದಾಹರಣೆಗೆ ಪ್ರೀಮಿಯಂ 50,000 ರೂಪಾಯಿ ಅಂತಿಟ್ಟುಕೊಂಡರೆ ತೆರಿಗೆಯೇ 9,000. ಅಂದರೆ 2015ರಲ್ಲಿ ಒಬ್ಬ ನಿವೃತ್ತ ಅಧಿಕಾರಿ ಕಟ್ಟಿದ ಇಡೀ ಪ್ರೀಮಿಯಂಗಿಂತ ಜಾಸ್ತಿ.

ಈ ತೆರಿಗೆ ರಾಷ್ಟ್ರೀಯ ಸುದ್ದಿಯಾದದ್ದರ ಹಿಂದೆ ಒಂದು ಯೂನಿಯನ್ ಇದೆ. 2024ರ ಜುಲೈನಲ್ಲಿ ನಾಗಪುರದ ಎಲ್‌ಐಸಿ ನೌಕರರ ಯೂನಿಯನ್ ಕೊಟ್ಟ ಮನವಿಯನ್ನು ಆಧರಿಸಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಅವರು ಹಣಕಾಸು ಸಚಿವೆ ನಿರ್ಮಲಾ ಸೀತಾರಾಮನ್ ಅವರಿಗೆ ಪತ್ರ ಬರೆದರು. ಜೀವದ ಅನಿಶ್ಚಿತತೆಯ ಮೇಲೆ ತೆರಿಗೆ ಹಾಕಿದಂತೆ ಅನ್ನುವ ಅರ್ಥದ ಮಾತು ಅದರಲ್ಲಿತ್ತು. ವಿರೋಧ ಪಕ್ಷಗಳೂ ಸಂಸತ್ತಿನ ಹೊರಗೆ ಪ್ರತಿಭಟಿಸಿದವು. ಕೊನೆಗೆ 2025ರ ಸೆಪ್ಟೆಂಬರ್ 3ರ ಜಿಎಸ್‌ಟಿ ಮಂಡಳಿ ಸಭೆಯಲ್ಲಿ ತೀರ್ಮಾನವಾಗಿ, ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ತೆರಿಗೆ ವಿನಾಯಿತಿ ಜಾರಿಗೆ ಬಂತು.

ಎಲ್ಲರೂ ಚಪ್ಪಾಳೆ ತಟ್ಟಿದರು. ಆದರೆ "ವೈಯಕ್ತಿಕ" ಅನ್ನುವ ಪದ ಗಮನಿಸಿ. ಗುಂಪು ಪಾಲಿಸಿಗಳನ್ನು ಈ ವಿನಾಯಿತಿಯಿಂದ ಹೊರಗಿಡಲಾಗಿದೆ. ಗುಂಪು ಪಾಲಿಸಿ ಅಂದರೆ ಕಂಪನಿ ತನ್ನ ನೌಕರರಿಗೆ ಮಾಡಿಸುವುದು, ತೆರಿಗೆ ಕಂಪನಿಗೆ ಭಾರವಲ್ಲ ಅನ್ನೋದು ಸಾಮಾನ್ಯ ತಿಳಿವಳಿಕೆ. ಸ್ವಂತ ಜೇಬಿನಿಂದ ಪ್ರೀಮಿಯಂ ಕಟ್ಟುವ ನಿವೃತ್ತರ ಗುಂಪು ಆ ತಿಳಿವಳಿಕೆಯೊಳಗೆ ಕೂರಲ್ಲ. ಬೆಲೆ ಕಟ್ಟುವಾಗ "ನೀವು ಬೇರೆ", ತೆರಿಗೆ ಹಾಕುವಾಗ "ನೀವು ಗುಂಪು". ಎರಡೂ ಕಡೆ ಏಟು.

ವಿಮಾ ನಿಯಂತ್ರಕ ಐಆರ್‌ಡಿಎಐ 2025ರ ಜನವರಿ 30ರಂದು ಹೊರಡಿಸಿದ ಸುತ್ತೋಲೆಯೊಂದಿದೆ. 60 ದಾಟಿದವರ ಪ್ರೀಮಿಯಂ ಅನ್ನು ವರ್ಷಕ್ಕೆ ಶೇ. 10ಕ್ಕಿಂತ ಹೆಚ್ಚು ಏರಿಸಬೇಕಾದರೆ ಕಂಪನಿಗಳು ಮೊದಲು ತನ್ನ ಜೊತೆ ಸಮಾಲೋಚಿಸಬೇಕು ಅನ್ನುತ್ತೆ ಅದು. ಒಳ್ಳೆಯ ಹೆಜ್ಜೆ. ನಿವೃತ್ತರೇ ತುಂಬಿರುವ, ಅವರೇ ದುಡ್ಡು ಕಟ್ಟುವ ಗುಂಪು ಪಾಲಿಸಿಗಳಿಗೂ ಇದೇ ಮಿತಿ ಅನ್ವಯವಾಗುತ್ತೆ ಅಂತ ಸ್ಪಷ್ಟ ಪದಗಳಲ್ಲಿ ಬರೆಸಿಕೊಳ್ಳಬೇಕಾದ ಕೆಲಸ ಬಾಕಿ ಇದೆ.

ಬೇರೆ ದಾರಿಗಳು ಇಲ್ವಾ?

ಇವೆ. ನಮ್ಮ ಕಣ್ಣೆದುರೇ ಇವೆ.

*ಇಎಸ್‌ಐ.* ಕನಿಷ್ಠ ಐದು ವರ್ಷ ಇಎಸ್‌ಐ ವ್ಯಾಪ್ತಿಯಲ್ಲಿ ದುಡಿದು ನಿವೃತ್ತರಾದ ಕಾರ್ಮಿಕರು ವರ್ಷಕ್ಕೆ 120 ರೂಪಾಯಿ ಕಟ್ಟಿದರೆ, ಅವರಿಗೂ ಸಂಗಾತಿಗೂ ವೈದ್ಯಕೀಯ ಸೌಲಭ್ಯ ಮುಂದುವರಿಯುತ್ತೆ. ಹೌದು, ನೂರಿಪ್ಪತ್ತು ರೂಪಾಯಿ. ಇದು ಸಾಧ್ಯವಾಗಿರೋದು ಈಗ ದುಡಿಯುತ್ತಿರುವವರ ವೇತನದ ಶೇ. 0.75 ಮತ್ತು ಮಾಲೀಕರ ಶೇ. 3.25 ಒಂದೇ ದೊಡ್ಡ ನಿಧಿಗೆ ಬೀಳುವುದರಿಂದ. ಪೀಣ್ಯ, ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗಳ ಕ್ಯೂನಲ್ಲಿ ನಿಂತವರಿಗೆ ಅಲ್ಲಿನ ಕಷ್ಟಗಳೂ ಗೊತ್ತು. ಆದರೆ ಕ್ಯೂನಲ್ಲಿರುವ ಮುದುಕನಿಗೂ ಯುವಕನಿಗೂ ಬೇರೆ ಬೇರೆ ಬೆಲೆ ಇಲ್ಲ.

*ಸಿಜಿಎಚ್‌ಎಸ್.* ಕೇಂದ್ರ ಸರ್ಕಾರಿ ನೌಕರರ ಯೋಜನೆ. ಸೇವೆಯಲ್ಲಿರುವಾಗ ದರ್ಜೆಗೆ ತಕ್ಕಂತೆ ತಿಂಗಳಿಗೆ 250ರಿಂದ 1,000 ರೂಪಾಯಿವರೆಗೆ ಕಟ್ಟುತ್ತಾರೆ. ನಿವೃತ್ತರಾದಾಗ ಹತ್ತು ವರ್ಷದ ವಂತಿಗೆಯನ್ನು, ಅಂದರೆ 30,000ದಿಂದ 1,20,000 ರೂಪಾಯಿಯನ್ನು, ಒಂದೇ ಸಲ ಕಟ್ಟಿದರೆ ಜೀವನಪೂರ್ತಿ ಕಾರ್ಡ್. ಪ್ರತಿ ಅಕ್ಟೋಬರ್‌ನಲ್ಲಿ ಪೆನ್ಸಿಲ್ ಹಿಡಿಯುವ ಪ್ರಮೇಯ ಇಲ್ಲ.

*ಮೊದಲೇ ಕೂಡಿಟ್ಟ ನಿಧಿ.* ಅಮೆರಿಕದ ವಾಹನ ಕಾರ್ಮಿಕರ ಯೂನಿಯನ್ ಯುಎಡಬ್ಲ್ಯು 2007ರಲ್ಲಿ ಜನರಲ್ ಮೋಟಾರ್ಸ್, ಫೋರ್ಡ್, ಕ್ರೈಸ್ಲರ್ ಕಂಪನಿಗಳ ಜೊತೆ ಒಪ್ಪಂದ ಮಾಡಿಕೊಂಡು ನಿವೃತ್ತರ ಆರೋಗ್ಯಕ್ಕಾಗಿಯೇ ಒಂದು ಟ್ರಸ್ಟ್ ಮಾಡಿತು. ಕಂಪನಿಗಳು ಹಣ ಹಾಕಿ ಹೊಣೆಯಿಂದ ಕೈ ತೊಳೆದುಕೊಂಡವು. 2010ರಿಂದ ಆ ಟ್ರಸ್ಟ್ ವೆಚ್ಚ ಭರಿಸುತ್ತಿದೆ. ಅಲ್ಲೂ ಜಗಳಗಳಾದವು, ಸೌಲಭ್ಯ ಕಡಿತವೂ ಆಯ್ತು. ಆದರೆ ನಿವೃತ್ತರ ಹೆಸರಿನಲ್ಲಿ ಒಂದು ಇಡುಗಂಟು ಇದೆ. ನಮ್ಮ ಬ್ಯಾಂಕ್ ನಿವೃತ್ತರ ಹೆಸರಿನಲ್ಲಿ ಇರುವುದು ನವೀಕರಣದ ಕೊನೆಯ ದಿನಾಂಕ.

ಮೂರರಲ್ಲೂ ಸಮಾನ ಅಂಶ ಒಂದೇ: ದುಡಿಯುವ ಕಾಲದಲ್ಲೇ, ದುಡಿಯುವವರ ಜೊತೆಗೇ, ಮುಪ್ಪಿನ ಖರ್ಚಿಗೆ ವ್ಯವಸ್ಥೆ.

ನಿಮ್ಮ ಮನೆಯಲ್ಲೂ ಇಂಥ ಪಿಡಿಎಫ್ ಬಂದಿದ್ದರೆ

ವ್ಯವಸ್ಥೆ ಬದಲಾಗುವವರೆಗೆ ಕಾಯಿಲೆ ಕಾಯಲ್ಲ. ಹಾಗಾಗಿ ಕೆಲವು ಉಪಯುಕ್ತ ವಿಷಯ.

ಒಂದು, ಸಿಟ್ಟಿನಲ್ಲಿ ಪಾಲಿಸಿ ಬಿಡಬೇಡಿ. ಇದ್ದ ಕಾಯಿಲೆಗೂ ರಕ್ಷಣೆ ಕೊಡುವ ಗುಂಪಿನಿಂದ ಹೊರಬಂದರೆ ಮತ್ತೆ ಒಳಗೆ ಹೋಗೋದು ಕಷ್ಟ. ಹೊರಗೆ ಹೊಸ ಪಾಲಿಸಿ ತಗೊಂಡರೆ, ಮೊದಲೇ ಇರುವ ಕಾಯಿಲೆಗಳಿಗೆ ಮೂರು ವರ್ಷದವರೆಗೂ ಕಾಯುವ ಅವಧಿ ಹಾಕಲು ಕಂಪನಿಗಳಿಗೆ ಅವಕಾಶವಿದೆ. 2024ರ ಏಪ್ರಿಲ್‌ನಿಂದ 65 ದಾಟಿದವರಿಗೂ ಹೊಸ ಪಾಲಿಸಿ ಕೊಡಲು ದಾರಿ ತೆರೆದಿದೆ, ನಿಜ. ಆದರೆ ಯಾವ ಬೆಲೆಗೆ ಅನ್ನೋದು ಕಂಪನಿಗೆ ಬಿಟ್ಟದ್ದು.

ಎರಡು, ಗುಂಪು ಪಾಲಿಸಿಯಿಂದ ಅದೇ ಕಂಪನಿಯ ವೈಯಕ್ತಿಕ ಪಾಲಿಸಿಗೆ ಬದಲಾಗಲು ನಿಯಮದಲ್ಲಿ ಅವಕಾಶವಿದೆ. ಇದಕ್ಕೆ ಮೈಗ್ರೇಶನ್ ಅಂತಾರೆ. ಕಾಯುವ ಅವಧಿಯಲ್ಲಿ ಈಗಾಗಲೇ ಕಳೆದ ವರ್ಷಗಳು ಲೆಕ್ಕಕ್ಕೆ ಬರುತ್ತವೆ. ನವೀಕರಣದ ದಿನಾಂಕಕ್ಕೆ ಸಾಕಷ್ಟು ಮೊದಲೇ ವಿಚಾರಿಸಿ, ಎರಡರ ಬೆಲೆಯನ್ನೂ ಲಿಖಿತವಾಗಿ ತರಿಸಿಕೊಳ್ಳಿ.

ಮೂರು, ಡೊಮಿಸಿಲಿಯರಿ ಬೇಕೋ ಬೇಡವೋ ಅನ್ನುವ ತೀರ್ಮಾನವನ್ನು ಕಳೆದ ವರ್ಷದ ಔಷಧಿ ಬಿಲ್‌ಗಳನ್ನು ಕೂಡಿಸಿ ತಗೊಳ್ಳಿ. ಎರಡು ಪಾಲಿಸಿಗಳ ಪ್ರೀಮಿಯಂ ವ್ಯತ್ಯಾಸ ನಿಮಗೆ ನಿಜವಾಗಿ ವಾಪಸ್ ಬರುವ ಹಣಕ್ಕಿಂತ ಜಾಸ್ತಿ ಇದ್ದರೆ, ಅದನ್ನು ಬಿಡೋದು ಸೋಲಲ್ಲ, ಲೆಕ್ಕ.

ನಾಲ್ಕು, ಸೂಪರ್ ಟಾಪ್‌ಅಪ್. ಮೂಲ ಪಾಲಿಸಿಯ ಮೊತ್ತ ಮುಗಿದ ಮೇಲಿನ ಖರ್ಚಿಗೆ ಮಾತ್ರ ಬರುವ ಪಾಲಿಸಿ ಇದು. 3 ಲಕ್ಷ ಇವತ್ತು ಒಂದು ದೊಡ್ಡ ಶಸ್ತ್ರಚಿಕಿತ್ಸೆಗೇ ಸಾಲದೆ ಹೋಗಬಹುದು, ಹಾಗಾಗಿ ಇದರ ಬೆಲೆಯನ್ನೂ ನೋಡಿ.

ಐದು, ಅಪ್ಪ ಅಮ್ಮನಿಗೆ 70 ದಾಟಿದ್ದರೆ, 2024ರ ಅಕ್ಟೋಬರ್ 29ರಂದು ಶುರುವಾದ ಆಯುಷ್ಮಾನ್ ವಯ ವಂದನ ಯೋಜನೆಯಲ್ಲಿ ಆದಾಯದ ಮಿತಿಯಿಲ್ಲದೆ ವರ್ಷಕ್ಕೆ 5 ಲಕ್ಷದವರೆಗೆ ರಕ್ಷಣೆ ಇದೆ. ಬೇರೆ ವಿಮೆ ಇದ್ದವರೂ ಅರ್ಹರು. ನಿಮ್ಮ ಜಿಲ್ಲೆಯಲ್ಲಿ ನೋಂದಣಿ ಹೇಗೆ ನಡೀತಿದೆ, ನೀವು ಹೋಗುವ ಆಸ್ಪತ್ರೆ ಪಟ್ಟಿಯಲ್ಲಿದೆಯಾ ಅಂತ ವಿಚಾರಿಸಿ. ಇದು ಒಳರೋಗಿ ಚಿಕಿತ್ಸೆಗೆ, ದಿನದ ಮಾತ್ರೆಗಲ್ಲ.

ಆರು, ಹಿರಿಯ ನಾಗರಿಕರ ಪ್ರೀಮಿಯಂಗೆ 50,000 ರೂಪಾಯಿವರೆಗೆ ಆದಾಯ ತೆರಿಗೆ ಕಡಿತ ಸಿಗುತ್ತೆ. ಮಕ್ಕಳು ಕಟ್ಟಿದರೆ ಮಕ್ಕಳಿಗೆ. ಆದರೆ ಹಳೆಯ ತೆರಿಗೆ ಪದ್ಧತಿಯಲ್ಲಿ ಮಾತ್ರ.

ಇದು ನಿಮ್ಮ ವಿಷಯ ಯಾಕೆ?

ಈಗ ಮಾತು ಕೊಟ್ಟಂತೆ ನಿಮ್ಮ ವಿಷಯ. ನೀವು ಬೆಂಗಳೂರಿನ ಐಟಿ ಕಂಪನಿಯಲ್ಲಿದ್ದರೆ ಅಪ್ಪ ಅಮ್ಮನ ಹೆಸರನ್ನು ಕಂಪನಿ ವಿಮೆಗೆ ಸೇರಿಸಿರ್ತೀರಿ. ಕಂಪನಿ ಕೊಟ್ಟ ಕಾರ್ಡ್ ಪರ್ಸಿನಲ್ಲಿರುತ್ತೆ, ಧೈರ್ಯ ಇರುತ್ತೆ. ಆ ಧೈರ್ಯಕ್ಕೆ ನಿಮ್ಮ ಕೆಲಸದಷ್ಟೇ ಆಯಸ್ಸು. ಲೇಆಫ್ ಇಮೇಲ್ ಬಂದರೆ ಅಪ್ಪ ಅಮ್ಮನ ವಿಮೆಯೂ ಹೋಗುತ್ತೆ. ನೀವು 2010ರ ಏಪ್ರಿಲ್ ನಂತರ ಬ್ಯಾಂಕ್ ಸೇರಿದವರಾದರೆ ನಿಮಗೆ ಹಳೆಯ ಪಿಂಚಣಿಯೂ ಇಲ್ಲ, ಎನ್‌ಪಿಎಸ್. ಅಪ್ಪನಿಗೆ ಕನಿಷ್ಠ ಪ್ರೀಮಿಯಂ ಪಕ್ಕದಲ್ಲಿ ಬರೆಯೋಕೆ ಒಂದು ಖಚಿತ ಪಿಂಚಣಿ ಸಂಖ್ಯೆ ಇದೆ.

ಬ್ಯಾಂಕುಗಳ ತವರು ಅಂತ ಕರೆಸಿಕೊಂಡ ನಾಡು ನಮ್ಮದು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಎಲ್ಲ ಕರಾವಳಿಯಲ್ಲಿ ಹುಟ್ಟಿದವು, ಸ್ಟೇಟ್ ಬ್ಯಾಂಕ್ ಆಫ್ ಮೈಸೂರು ಅರಸರ ಕಾಲದ್ದು. 2017ರಿಂದ 2020ರೊಳಗೆ ಇವುಗಳಲ್ಲಿ ಕೆನರಾ ಒಂದನ್ನು ಬಿಟ್ಟು ಉಳಿದ ಹೆಸರುಗಳು ವಿಲೀನದಲ್ಲಿ ಮಾಯವಾದವು. ಆಗ ನಾವು ಹೆಸರಿಗಾಗಿ ಸಾಕಷ್ಟು ಭಾವುಕರಾದೆವು. ಆ ಹೆಸರಿನ ಕೌಂಟರ್‌ಗಳಲ್ಲಿ ಕೂತು ಮುದುಕರಾದವರ ಬಗ್ಗೆ ಅಷ್ಟು ಮಾತಾಡಲಿಲ್ಲ.

ಕೇಳಬೇಕಾದದ್ದು ದೊಡ್ಡ ಪಟ್ಟಿಯೇನಲ್ಲ. ಸೇವೆಯಲ್ಲಿರುವವರನ್ನೂ ನಿವೃತ್ತರನ್ನೂ ಒಂದೇ ಗುಂಪಾಗಿ ಮಾಡಿ ಬೆಲೆ ಕಟ್ಟಿ. ನಿವೃತ್ತರೇ ಕಟ್ಟುವ ಗುಂಪು ಪಾಲಿಸಿಗೂ ಜಿಎಸ್‌ಟಿ ವಿನಾಯಿತಿ ಕೊಡಿ. ನಿವೃತ್ತರಿಗೆ ಸಂಬಂಧಿಸಿದ ವಿಷಯದ ಮಾತುಕತೆಯಲ್ಲಿ ಅವರಿಗೂ ಒಂದು ಕುರ್ಚಿ ಕೊಡಿ. ಕೊನೆಯದ್ದಕ್ಕೆ ದುಡ್ಡೂ ಬೇಡ.

ಮೊನ್ನೆ ಅಪ್ಪನ್ನ ಕೇಳಿದೆ, ನೀವು ಯೂನಿಯನ್‌ನಲ್ಲಿ ಇದ್ದಾಗ ನಿವೃತ್ತರ ವಿಷಯ ಎತ್ತಿದ್ರಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಇಲ್ಲಮ್ಮ. ಆಗ ನಮಗೂ ಅದು ಬೇರೆಯವರ ವಿಷಯ ಅನ್ನಿಸ್ತಿತ್ತು."

ಆಮೇಲೆ ನಾವಿಬ್ಬರೂ ಕೂತು ಔಷಧಿ ಬಿಲ್‌ಗಳನ್ನು ಕೂಡಿಸಿದೆವು. ಈ ಸಲ ಡೊಮಿಸಿಲಿಯರಿ ಇರುವ ಪಾಲಿಸಿಗೇ ಟಿಕ್ ಮಾಡಿದ್ದೀವಿ. ಅರ್ಧ ದುಡ್ಡು ನಂದು, ಅರ್ಧ ಅವರದು. ಅವರು ಅದನ್ನು ಸಾಲ ಅಂತಲೇ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದಾರೆ.